ಪದಚರ್ಚೆ: ಪಟಪೊನ್ನೋ, ಪತಪೊನ್ನೋ?

ಪ್ರಶ್ನೆ:
2007ರಲ್ಲಿ ಪಿಎಸ್‌ಪಿಗೆ (ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಬಂದ ಜಪಾನಿನ ತಾಳದ ಗೇಮ್ ‘Patapon’ಗೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಗುಂಡಿ ಒತ್ತಿ ಪತ, ಪೊನ್, ಚಕ, ದೊನ್ ಎಂಬ ನಾಲ್ಕು ಡೋಲು ಸದ್ದುಗಳಿಂದ ಸೈನಿಕರನ್ನು ನಡೆಸುವ ಆಟವಿದು. ಕರಡಿನಲ್ಲಿ ‘ಪಟಪಟಪಟ ಪೊನ್ ಬಾರಿಸಿ’ ಎಂದಿದೆ. ಓದಿ ಆಡಿದವರೆಲ್ಲ ಮೊದಲ ಸಾಲಿಗೇ ಎಡವುತ್ತಿದ್ದಾರೆ. ಪದ ಬದಲಿಸಬೇಕೇ? ಬೀಟ್‌ಗೆ, ಎರಡು ಬೀಟ್‌ಗಳ ನಡುವೆ ಬೀಳುವ ಆಫ್‌ಬೀಟ್‌ಗೆ ಏನೆನ್ನಬಹುದು?

ಉತ್ತರ:
ಎಡವಟ್ಟಾಗಿರುವುದು ಟಕಾರದಿಂದ. ಜಪಾನಿಯಲ್ಲಿ ಅದು ದಂತ್ಯ, ‘ಪತ’. ನಾವು ‘ಪಟಪಟ’ ಎಂದೊಡನೆ ಕೈ ಓಡುತ್ತದೆ. ಪಟಪಟ ಮಾತಾಡಿದ, ಪಟಪಟ ಮುಗಿಸಿದ ಎನ್ನುವಾಗೆಲ್ಲ ಅವಸರವೇ ಅರ್ಥ. ಆಟ ಕೇಳುವುದು ಸಮನಾದ ಹೆಜ್ಜೆ, ನಾಲ್ಕು ಪೆಟ್ಟಿಗೆ ಸುಮಾರು ಎರಡು ಸೆಕೆಂಡು. ಆದ್ದರಿಂದ ‘ಪತ, ಪತ, ಪತ, ಪೊನ್’ ಎಂದು ಬಿಡಿಸಿ, ಅಲ್ಪವಿರಾಮ ಹಾಕಿ ಬರೆಯಿರಿ. ‘ಚಕ’ಕ್ಕೂ ಇದೇ ಗತಿ: ಜೋಡಿಸಿ ‘ಚಕಚಕ’ ಎಂದರೆ ಮತ್ತೆ ಅವಸರ. ‘ದೊನ್’ ಅನ್ನು ಡಾನ್ ಮಾಡಬೇಡಿ, ಭೂಗತಲೋಕ ನೆನಪಾಗುತ್ತದೆ. ‘ಪೊನ್’ ಹಳಗನ್ನಡದವರಿಗೆ ಚಿನ್ನವಾಗಿ ಕೇಳಿಸೀತು, ಕೇಳಿಸಲಿ ಬಿಡಿ.

ಈ ಸದ್ದುಗಳನ್ನು ಅನುವಾದಿಸಲೇ ಬಾರದು. ಕಾಲು ಮೊಳೆತ ಕಣ್ಣುಗುಡ್ಡೆಗಳಂಥ ಆ ಪುಟ್ಟ ಸೈನಿಕರು ನೀವು ಬಾರಿಸಿದ್ದನ್ನೇ ಹಾಡಿ ಒಪ್ಪಿಸುತ್ತಾರೆ. ಆಟದ ಮೋಡಿ ಇರುವುದೇ ಅಲ್ಲಿ. ಪುಸ್ತಕದಲ್ಲಿ ಒಂದು ಸದ್ದು, ಕಿವಿಗೆ ಇನ್ನೊಂದು ಆದರೆ ಆಡುವವರು ಕೆಡುತ್ತಾರೆ.

ಬೀಟ್‌ಗೆ ‘ಎಣಿಕೆ’, ಗುಂಡಿ ಒತ್ತುವುದಕ್ಕೆ ‘ಪೆಟ್ಟು’ ಸಾಕು. ಇಡೀ ಸುತ್ತು ಎಂಟು ಎಣಿಕೆ, ಆದಿತಾಳದ ಒಂದು ಆವರ್ತದಷ್ಟು. ತಾಳದ ಮೊದಲ ಭಾಗವಾದ ಲಘುವಿನ ನಾಲ್ಕು ನಿಮ್ಮವು, ಉಳಿದ ಎರಡು ದ್ರುತಗಳ ನಾಲ್ಕು ಸೈನಿಕರವು. ಅವರು ಹಾಡುವಾಗ ಗುಂಡಿ ಮುಟ್ಟಿದರೆ ಸರಣಿ ಕಡಿಯಿತು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ತಪ್ಪದೆ ಒಂದರ ಹಿಂದೊಂದು ಬರುವ ಸುತ್ತುಗಳಿಗೆ, ಅಂದರೆ ಕಾಂಬೊಗೆ, ‘ಸರಣಿ’ ಎನ್ನಿ. ಹತ್ತು ಆವರ್ತ ಕಡಿಯದೆ ಬಂದರೆ ಸೈನಿಕರಿಗೆ ಹುರುಪೇರುವ ‘ಫೀವರ್’, ಕರಾರುವಾಕ್ಕಾಗಿ ಹೊಡೆದರೆ ಇನ್ನೂ ಮೊದಲೇ. ಅದನ್ನು ಜ್ವರ ಮಾಡುವುದು ಬೇಡ, ‘ಆವೇಶ’ ಒಪ್ಪುತ್ತದೆ.

ಆಫ್‌ಬೀಟ್‌ಗೆ ‘ಅನಾಗತ’ ಹಾಕುವ ಆಸೆ ಬಂದೀತು. ಬೇಡ. ಕರ್ನಾಟಕ ಸಂಗೀತದಲ್ಲಿ ಅದು ತಾಳ ಶುರುವಾದ ಮೇಲೆ ಹಾಡು ಎತ್ತುವುದು. ಧಾರವಾಡದ ಹಿಂದುಸ್ತಾನಿಯವರಿಗೆ ಸಮ್‌ಗಿಂತ (ತಾಳದ ಮೊದಲ ಎಣಿಕೆ) ಮೊದಲೇ ಬಂದದ್ದು. ‘ಅರೆ ಎಣಿಕೆ’ ಎಂದರೆ ಜಗಳವಿಲ್ಲ. ಮಳೆ ಕರೆಯುವ ‘ದೊನ್, ದೊದೊನ್, ದೊದೊನ್’ ನಾಲ್ಕು ಎಣಿಕೆಯೊಳಗೆ ಐದು ಪೆಟ್ಟು, ಪದ ಬೇಕಾಗುವುದು ಅಲ್ಲಿಯೇ. ಮುನ್ನುಡಿಯಲ್ಲಿ ‘ಆಫ್‌ಬೀಟ್ ಗೇಮ್’ (ಅಲ್ಲಿ ಅರ್ಥ ‘ವಿಭಿನ್ನ’ ಎಂದಷ್ಟೇ) ಅನ್ನು ‘ತಾಳ ತಪ್ಪಿದ ಆಟ’ ಎಂದಿದ್ದರೆ ಮಾತ್ರ ಈಗಲೇ ಅಳಿಸಿ.

ಒಂದು ಅಡಿಟಿಪ್ಪಣಿ ಸೇರಿಸಿ: ಟಿವಿಯಲ್ಲಿ ಆಡುವವರು ಗೇಮ್ ಮೋಡ್ (ಟಿವಿಯ ತಡವನ್ನು ತಗ್ಗಿಸುವ ಸೆಟ್ಟಿಂಗ್) ಹಾಕಿಕೊಳ್ಳಲಿ, ಬ್ಲೂಟೂತ್ ಇಯರ್‌ಫೋನ್ ತೆಗೆದಿಡಲಿ. ಸದ್ದು ತಡವಾಗಿ ಬಂದರೆ ಸರಿಯಾದ ಪೆಟ್ಟೂ ತಪ್ಪೆಂದೇ ಲೆಕ್ಕ. ಆಗ ಕಿವಿಯನ್ನು ಬಿಟ್ಟು ಪರದೆಯ ಅಂಚಿನಲ್ಲಿ ಎಣಿಕೆಗೊಮ್ಮೆ ಮಿನುಗುವ ಚೌಕಟ್ಟನ್ನು ನೋಡಿ ಹೊಡೆಯಬೇಕು.