ಕಿನ್ನಿಕ್ ಫಾರ್ವರ್ಡ್ ಮತ್ತು ನಮ್ಮ ಮನೆಯ ಗುಂಪು

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಅಮೆರಿಕನ್ ಫುಟ್‌ಬಾಲ್ ಆಟಗಾರ ನೈಲ್ ಕಿನ್ನಿಕ್. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು 1939ರಲ್ಲಿ ಗೆದ್ದವನು. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದ ಮರುದಿನವೇ ವೃತ್ತಿಪರ ತಂಡದ ಹಣ ಒದ್ದು ಸೇನೆ ಸೇರಿದ. ಜಪಾನಿನ ವಿಮಾನಗಳೊಡನೆ ಸೆಣಸುತ್ತಾ 24ನೆಯ ವಯಸ್ಸಿಗೇ ವೀರಸ್ವರ್ಗ ಸೇರಿದ. ಇಂದಿನ ಆಟಗಾರರಿಗೆ ಜಾಹೀರಾತೇ ದೇಶ! ಹತ್ತು ಜನರಿಗೆ ಕಳುಹಿಸಿ.

ದೊಡ್ಡಪ್ಪ: ಮನೆಯ ಹುಡುಗರೆಲ್ಲ ಓದಿ. ತ್ಯಾಗ ಎಂದರೆ ಇದು.

ಅತ್ತೆ: ಮೈ ಜುಮ್ಮೆಂದಿತು ಅಣ್ಣ.

ಭಾವ: ಇದಕ್ಕೆ ಆಧಾರ ಏನು ಮಾವ? ಬೆಳ್ಳುಳ್ಳಿ ಕಷಾಯದಿಂದ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಹಾಕಿದ್ದಿರಲ್ಲ, ಅದರ ಆಧಾರವೂ ಇನ್ನೂ ಬಂದಿಲ್ಲ.

ದೊಡ್ಡಪ್ಪ: ಹಿರಿಯರು ಹೇಳಿದ್ದಕ್ಕೆಲ್ಲ ರಸೀದಿ ಕೇಳುವ ಚಾಳಿ ನಿನಗೆ ಯಾವಾಗ ಅಂಟಿತು? ಅವನು ಆಡಿದ ಅಯೋವಾ ರಾಜ್ಯದಲ್ಲಿ ನಮ್ಮ ಹುಡುಗಿಯೇ ಇದ್ದಾಳೆ, ಅವಳನ್ನು ಕೇಳು.

ನಾನು: ದೊಡ್ಡಪ್ಪ, ಅಯೋವಾ ಸಿಟಿಯ ಕ್ರೀಡಾಂಗಣಕ್ಕೆ 1972ರಿಂದ ಅವನದೇ ಹೆಸರು. ಆದರೆ ಫಾರ್ವರ್ಡಿನಲ್ಲಿ ತಪ್ಪುಗಳಿವೆ. ಬ್ರೂಕ್ಲಿನ್ ಡಾಡ್ಜರ್ಸ್ ಫುಟ್‌ಬಾಲ್ ತಂಡದ ಕರೆಯನ್ನು ಅವನು ಬಿಟ್ಟದ್ದು 1940ರಲ್ಲಿ, ಕಾನೂನು ಓದುವುದಕ್ಕಾಗಿ. ನೌಕಾಪಡೆಯ ಸೇವೆಗೆ ಹಾಜರಾದದ್ದು 1941ರ ಡಿಸೆಂಬರ್ 4ರಂದು, ಪರ್ಲ್ ಹಾರ್ಬರ್ ದಾಳಿಗೆ ಮೂರು ದಿನ ಮೊದಲು. ತೀರಿಕೊಂಡದ್ದು ಕಾಳಗದಲ್ಲಿ ಅಲ್ಲವೇ ಅಲ್ಲ. 1943ರ ಜೂನ್ 2ರಂದು, ವೆನೆಜುವೆಲಾ ಕರಾವಳಿಯ ಪಾರಿಯಾ ಕೊಲ್ಲಿಯಲ್ಲಿ, ತರಬೇತಿ ಹಾರಾಟದ ನಡುವೆ ಅವನ ವೈಲ್ಡ್‌ಕ್ಯಾಟ್ ವಿಮಾನದ ಎಣ್ಣೆ ಸೋರಿತು. ಅವನ ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್‌ನ ಡೆಕ್ ಮೇಲೆ ಹಾರಲು ಸಜ್ಜಾದ ವಿಮಾನಗಳು ತುಂಬಿದ್ದವು. ಅಲ್ಲಿ ಇಳಿದರೆ ಬೇರೆಯವರ ಜೀವಕ್ಕೆ ಅಪಾಯ. ಸಮುದ್ರದ ಮೇಲೇ ಇಳಿಸಿದ. ದೋಣಿ ತಲುಪುವಷ್ಟರಲ್ಲಿ ನೀರಿನ ಮೇಲೆ ಎಣ್ಣೆಯ ಪದರ ಮಾತ್ರ ಇತ್ತು. ದೇಹ ಸಿಗಲೇ ಇಲ್ಲ.

ದೊಡ್ಡಪ್ಪ: ಕಾನೂನು ಓದಲು ಹಣ ಬಿಟ್ಟ! ನೋಡಿದಿರಾ? ವಿದ್ಯೆ ಮೊದಲು, ಆಟ ಆಮೇಲೆ. ಈ ಮನೆಯಲ್ಲಿ ನಾನು ಹೇಳುತ್ತಾ ಬಂದದ್ದೂ ಅದನ್ನೇ.

ಚಿಕ್ಕಪ್ಪ: ಯಾರಿಗೆ ಹೇಳಿದಿರಿ ಎಂದು ಎಲ್ಲರಿಗೂ ಗೊತ್ತಿದೆ ಅಣ್ಣ. ಜಿಲ್ಲಾ ಖೋ ಖೋ ತಂಡಕ್ಕೆ ನನ್ನ ಹೆಸರು ಬಂದ ವಾರವೇ ಬ್ಯಾಂಕ್ ಪರೀಕ್ಷೆಗೆ ಕೂರಿಸಿದವರು ನೀವು.

ಅತ್ತೆ: ಖೋ ಖೋ ಎಂದಾಗ ನೆನಪಾಯಿತು. ಹಿತ್ತಲಲ್ಲಿ ಅಪ್ಪ ಅಡಿಕೆ ಮರದ ಕಂಬ ನೆಟ್ಟು ಕೊಟ್ಟಿದ್ದರು. ನೀವಿಬ್ಬರೂ ಮಂಡಿ ತರಚಿಕೊಂಡು ಬಂದರೆ ಅಮ್ಮ ಅರಿಶಿನ ಮೆತ್ತಿ, ಅಳು ನಿಲ್ಲಲಿ ಎಂದು ಕೈಗೊಂದು ಚಕ್ಕುಲಿ ಕೊಡುತ್ತಿದ್ದಳು. ಆ ಕಂಬದ ಪಕ್ಕ ನಿಂತು ತೆಗೆಸಿದ ಫೋಟೋ ಯಾರ ಬಳಿ ಇದೆ?

ಭಾವ: ಫೋಟೋ ಆಮೇಲೆ ಹುಡುಕೋಣ ಅಮ್ಮ. ಮೊದಲು ಮಾವ ಫಾರ್ವರ್ಡ್ ಅಳಿಸಲಿ.

ದೊಡ್ಡಪ್ಪ: ಜಪಾನ್ ಆದರೇನು, ವೆನೆಜುವೆಲಾ ಆದರೇನು? ದೇಶಕ್ಕಾಗಿ ಸತ್ತನಲ್ಲ. ಭಾವನೆ ನೋಡಬೇಕು.

ನಾನು: ಭಾವನೆಯನ್ನೇ ನೋಡೋಣ. ಯುರೋಪಿನ ರಣರಂಗದಲ್ಲಲ್ಲದೆ ತನ್ನ ನಾಡಿನ ಆಟದ ಮೈದಾನದಲ್ಲಿ ಸೆಣಸುವಂತೆ ಮಾಡಿದ್ದಕ್ಕೆ ದೇವರಿಗೆ ಕೃತಜ್ಞ ಎಂದು ಹೈಸ್ಮನ್ ಸ್ವೀಕರಿಸುವಾಗ ಹೇಳಿದವನು ಅವನು. ಯುದ್ಧದ ಹಂಬಲ ಅವನಿಗಿರಲಿಲ್ಲ, ಆದರೂ ಹೋದ. ಅವನು ತೀರಿಕೊಂಡ ಮರುವರ್ಷ ಅವನ ತಮ್ಮ ಬೆನ್ ಪೆಸಿಫಿಕ್‌ನಲ್ಲಿ ಬಾಂಬರ್ ಪೈಲಟ್ ಆಗಿದ್ದಾಗಲೇ ತೀರಿಕೊಂಡ. ಹೆತ್ತವರು ಇಬ್ಬರು ಮಕ್ಕಳನ್ನು ಕಳೆದುಕೊಂಡ ಕಥೆ ಇದು. ಹತ್ತು ಜನರಿಗೆ ಕಳುಹಿಸುವಾಗ ನಿಜವನ್ನೇ ಕಳುಹಿಸಬೇಕು ದೊಡ್ಡಪ್ಪ.

ಚಿಕ್ಕಪ್ಪ: ಅವನ ಆಟ ಹೇಗಿತ್ತು? ಅದನ್ನು ಯಾರೂ ಕೇಳಲೇ ಇಲ್ಲ.

ನಾನು: 1938ರಲ್ಲಿ ಒಂದೇ ಒಂದು ಪಂದ್ಯ ಗೆದ್ದಿದ್ದ ಅಯೋವಾ ವಿಶ್ವವಿದ್ಯಾಲಯದ ತಂಡ ಚಿಕ್ಕಪ್ಪ, 1939ರಲ್ಲಿ ಎಂಟರಲ್ಲಿ ಆರು ಗೆದ್ದಿತು. ಆಗ ದಾಳಿಗೂ ರಕ್ಷಣೆಗೂ ಅದೇ ಆಟಗಾರರು. ಕಿನ್ನಿಕ್ ಸತತ 402 ನಿಮಿಷ ಹೊರಗೆ ಬಾರದೆ ಆಡಿದ. ನಾಟರ್ ಡೇಮ್ ವಿರುದ್ಧ 7-6ರ ಗೆಲುವಿನಲ್ಲಿ ಟಚ್‌ಡೌನ್, ಅಂದರೆ ಚೆಂಡು ಹಿಡಿದು ಕೊನೆಯ ಗೆರೆ ದಾಟಿ ಗಳಿಸುವ ಆರು ಅಂಕ, ಅವನದು. ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕ್ಷಣದಲ್ಲೇ ಒದ್ದು ಗಳಿಸಿದ ಏಳನೆಯ ಅಂಕವೂ ಅವನದೇ. ಕ್ರೀಡಾಂಗಣದ ಮುಂದೆ ಅವನ ಪ್ರತಿಮೆ ಇದೆ. ಕೈಯಲ್ಲಿ ಪುಸ್ತಕ, ಕಾಲ ಬಳಿ ಹೆಲ್ಮೆಟ್. ಆಟಗಾರರು ಆ ಹೆಲ್ಮೆಟ್ ಮುಟ್ಟಿ ಒಳಗೆ ಹೋಗುತ್ತಾರೆ.

ದೊಡ್ಡಪ್ಪ: ಕೈಯಲ್ಲಿ ಪುಸ್ತಕ!

ಚಿಕ್ಕಪ್ಪ: ಕಾಲ ಬಳಿ ಹೆಲ್ಮೆಟ್ ಕೂಡ ಇದೆ ಅಣ್ಣ. ಅವನಿಗೆ ಎರಡನ್ನೂ ಮಾಡಲು ಬಿಟ್ಟಿದ್ದರು.

ದೊಡ್ಡಪ್ಪ: ಆಗ ಮನೆಯ ಸಾಲ ಯಾರ ತಲೆಯ ಮೇಲಿತ್ತು? ಗುಂಪಿನಲ್ಲಿ ಬೇಡ. ಫೋನ್ ಮಾಡುತ್ತೇನೆ, ಎತ್ತು.

ಭಾವ: ಮಾವ, ದೇವಸ್ಥಾನ ಸಮಿತಿಯ ಗುಂಪಿಗೂ ಅದನ್ನೇ ಹಾಕಿದ್ದೀರಿ. ಅಲ್ಲಿಯೂ ತಿದ್ದಿ ಹಾಕಿ.