ಗ್ಲಾಸ್ಟರ್‌ಶೈರಿನ ಹಳ್ಳಿಯ ಹೊಲದಾರಿ: ನಡೆಯುವವರಿಗೆ ಮಾತ್ರವೇ, ಕುದುರೆಗೂ ಹಕ್ಕಿದೆಯೇ?

ಪ್ರಶ್ನೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯ ಒಂದು ಸಣ್ಣ ಪ್ಯಾರಿಷ್‌ನಲ್ಲಿ (ಪ್ಯಾರಿಷ್ ಎಂದರೆ ಗ್ರಾಮಮಟ್ಟದ ಆಡಳಿತ ಘಟಕ) ನಮ್ಮ ಕುಟುಂಬ ನೆಲೆಸಿದೆ. ಚರ್ಚಿನ ಹಿಂದಿನಿಂದ ಹೊರಟು, ಎರಡು ಹೊಲಗಳ ಬದುವಿನಲ್ಲಿ ಸಾಗಿ, ಮೂರನೆಯ ಹೊಲವನ್ನು ನಡುವೆ ಹಾಯ್ದು, ಪಕ್ಕದ ಪ್ಯಾರಿಷ್‌ನ ರಸ್ತೆಯನ್ನು ಸೇರುವ ದಾರಿಯೊಂದು ಇಲ್ಲಿದೆ. ಆರ್ಡ್‌ನೆನ್ಸ್ ಸರ್ವೆಯ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) 1:25,000 ಪ್ರಮಾಣದ ನಕ್ಷೆಯಲ್ಲಿ ಅದನ್ನು ಚಿಕ್ಕ ಹಸಿರು ಗೀಟುಗಳಿಂದ, ಎಂದರೆ ಕಾಲುದಾರಿಯೆಂದು, ಗುರುತಿಸಲಾಗಿದೆ. ಆದರೆ ಊರಿನ ಹಿರಿಯರು ಹಲವರು ದಶಕಗಳಿಂದ ಅಲ್ಲಿ ಕುದುರೆಯ ಮೇಲೆ ಹೋಗಿ ಬಂದವರು. ಸವಾರಿ ಕಲಿಯುತ್ತಿರುವ ನನ್ನ ಮಗಳೂ ಅದೇ ದಾರಿಯನ್ನು ಬಳಸುತ್ತಿದ್ದಳು.

ಈಚೆಗೆ ಜಮೀನು ಕೈ ಬದಲಾಯಿತು. ಹೊಸ ಮಾಲೀಕರು ಗೇಟಿಗೆ ಬೀಗ ಹಾಕಿ, ಅದರ ಪಕ್ಕದಲ್ಲಿ ಜನರು ಹತ್ತಿ ದಾಟುವುದಕ್ಕೆ ಒಂದು ತಡಮೆಯನ್ನು ಕಟ್ಟಿಸಿದ್ದಾರೆ. ‘ಖಾಸಗಿ ಜಮೀನು, ಕುದುರೆಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವನ್ನೂ ನಿಲ್ಲಿಸಿದ್ದಾರೆ. ಮೂರನೆಯ ಹೊಲವನ್ನು ಉತ್ತು ಗೋಧಿ ಬಿತ್ತಿದ್ದರಿಂದ ಅಲ್ಲಿ ದಾರಿಯ ಗುರುತೇ ಉಳಿದಿಲ್ಲ. ಉಳುವ ಅಧಿಕಾರ ಅವರಿಗಿದೆಯೇ, ಕುದುರೆಯನ್ನು ತಡೆಯುವ ಅಧಿಕಾರವಿದೆಯೇ, ಇಲ್ಲವಾದರೆ ಯಾರ ಮುಂದೆ ಹೋಗಬೇಕು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1

ನಮಸ್ಕಾರ. ಬೇರೊಂದು ಕೌಂಟಿಯ ಪ್ಯಾರಿಷ್ ಕೌನ್ಸಿಲಿನಲ್ಲಿ ದಾರಿಗಳ ಮೇಲ್ವಿಚಾರಣೆಯನ್ನು ನಾನು ಸ್ವಯಂಸೇವಕನಾಗಿ ನೋಡಿಕೊಳ್ಳುತ್ತೇನೆ. ತಾವು ಎರಡು ಬೇರೆ ಬೇರೆ ದೂರುಗಳನ್ನು ಒಂದಾಗಿ ಕೇಳಿದ್ದೀರಿ. ಅವನ್ನು ಮೊದಲು ಬಿಡಿಸಿಕೊಳ್ಳಬೇಕು, ಏಕೆಂದರೆ ಒಂದು ಕೆಲವು ವಾರಗಳಲ್ಲಿ ಮುಗಿಯಬಹುದಾದದ್ದು, ಇನ್ನೊಂದು ವರ್ಷಗಟ್ಟಲೆ ಎಳೆಯುವಂಥದ್ದು.

ಎರಡಕ್ಕೂ ಬುನಾದಿ ಕೌಂಟಿ ಕೌನ್ಸಿಲಿನಲ್ಲಿರುವ ಡೆಫಿನಿಟಿವ್ ಮ್ಯಾಪ್, ಎಂದರೆ ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆ. 1949ರ ರಾಷ್ಟ್ರೀಯ ಉದ್ಯಾನಗಳ ಕಾಯ್ದೆಯ ಪ್ರಕಾರ ಸಿದ್ಧವಾದ ಈ ನಕ್ಷೆಯಲ್ಲಿ ಒಂದು ದಾರಿ ಕಾಲುದಾರಿಯೆಂದು ದಾಖಲಾಗಿದ್ದರೆ, ಅಲ್ಲಿ ನಡೆಯುವ ಹಕ್ಕು ಸಾರ್ವಜನಿಕರಿಗೆ ಇದೆ ಎಂಬುದಕ್ಕೆ ಬೇರೆ ಪುರಾವೆಯೇ ಬೇಡ. ಅಂಗಡಿಯಲ್ಲಿ ಕೊಂಡ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಅದರ ಪ್ರತಿಬಿಂಬ ಮಾತ್ರ. ನಕ್ಷೆಯ ಜೊತೆಗೆ ಒಂದು ವಿವರಣಾ ಪಟ್ಟಿಯೂ ಇರುತ್ತದೆ. ದಾರಿಯ ಅಗಲವೆಷ್ಟು, ಎಲ್ಲೆಲ್ಲಿ ಗೇಟು ಅಥವಾ ತಡಮೆ ಇತ್ತು ಎಂಬುದು ಕೆಲವೊಮ್ಮೆ ಅದರಲ್ಲಿ ಬರೆದಿರುತ್ತದೆ. ಆದ್ದರಿಂದ ಅದರ ಪ್ರತಿಯನ್ನು ತಪ್ಪದೆ ತರಿಸಿಕೊಳ್ಳಿ.

ಉಳುಮೆಯ ಬಗ್ಗೆ 1980ರ ಹೈವೇಸ್ ಕಾಯ್ದೆ ಸ್ಪಷ್ಟವಾಗಿದೆ. ಹೊಲದ ಬದುವಿನ ಕಾಲುದಾರಿಯನ್ನಾಗಲಿ ಕುದುರೆದಾರಿಯನ್ನಾಗಲಿ ಉಳುವಂತೆಯೇ ಇಲ್ಲ. ಹೊಲದ ನಡುವೆ ಹಾಯುವ ದಾರಿಯನ್ನು ಬಿಟ್ಟು ಉಳುವುದು ಅನುಕೂಲವಲ್ಲದಿದ್ದರೆ ಉಳಬಹುದು. ಆದರೆ ಬಿತ್ತನೆಗಾಗಿ ಮೊದಲ ಸಲ ಮಣ್ಣು ಕದಡಿದ 14 ದಿನಗಳೊಳಗೆ ದಾರಿಯನ್ನು ಮತ್ತೆ ನಡೆಯುವಂತೆ ಮಟ್ಟ ಮಾಡಿ, ನೆಲದ ಮೇಲೆ ಅದರ ಗೆರೆ ಕಾಣುವಂತೆ ಮಾಡಬೇಕು. ಅದೇ ಬೆಳೆಗಾಗಿ ಆಮೇಲೆ ಮತ್ತೆ ಕದಡಿದರೆ ಇರುವ ಅವಧಿ 24 ಗಂಟೆ ಮಾತ್ರ. ದಾಖಲೆಯಲ್ಲಿ ಅಗಲ ನಮೂದಾಗಿಲ್ಲದಿದ್ದರೆ ನಡುಹೊಲದ ಕಾಲುದಾರಿಗೆ ಕನಿಷ್ಠ 1 ಮೀಟರ್, ಕುದುರೆದಾರಿಗೆ 2 ಮೀಟರ್ ಉಳಿಸಬೇಕು. ಬದುವಿನಲ್ಲಾದರೆ ಕ್ರಮವಾಗಿ 1.5 ಮತ್ತು 3 ಮೀಟರ್. ಆ ಅಗಲದಲ್ಲಿ ಬೆಳೆ ಬೆಳೆಯಲು ಬಿಡುವುದೂ ಅಪರಾಧವೇ. ಗೋಧಿ ಎದ್ದಿದ್ದರೂ ನಕ್ಷೆಯ ಗೆರೆಯ ಮೇಲೆಯೇ ನಡೆದುಹೋಗುವ ಹಕ್ಕು ನಿಮಗಿದೆ. ಸಂಕೋಚಪಟ್ಟು ಬದು ಸುತ್ತಿಕೊಂಡು ಹೋಗುವವರೇ ಹೆಚ್ಚು. ಹಾಗೆ ಎಲ್ಲರೂ ಸುತ್ತತೊಡಗಿದರೆ ಕೆಲವೇ ವರ್ಷಗಳಲ್ಲಿ ಅಸಲು ಗೆರೆ ಎಲ್ಲಿತ್ತೆಂದು ಊರಿನವರಿಗೇ ಮರೆತುಹೋಗುತ್ತದೆ.

ಈ ದೂರನ್ನು ಕೌಂಟಿ ಕೌನ್ಸಿಲಿನ ಸಾರ್ವಜನಿಕ ದಾರಿಗಳ ವಿಭಾಗಕ್ಕೆ, ದಾರಿಯ ಸಂಖ್ಯೆ ಹಾಗೂ ದಿನಾಂಕವಿರುವ ಛಾಯಾಚಿತ್ರಗಳೊಂದಿಗೆ, ಲಿಖಿತವಾಗಿ ಸಲ್ಲಿಸಿ. ಪ್ಯಾರಿಷ್ ಕೌನ್ಸಿಲಿನ ಸಭೆಯಲ್ಲೂ ಎತ್ತಿ. ದಾರಿಯನ್ನು ಕಾನೂನುಬಾಹಿರವಾಗಿ ತಡೆಯಲಾಗಿದೆ ಎಂದು ಪ್ಯಾರಿಷ್ ಕೌನ್ಸಿಲ್ ಅಧಿಕೃತವಾಗಿ ತಿಳಿಸಿದರೆ, ಆ ಮಾತು ತಪ್ಪೆಂದು ಮನವರಿಕೆಯಾಗದ ಹೊರತು ಹೆದ್ದಾರಿ ಪ್ರಾಧಿಕಾರವು (ಇಲ್ಲಿ ಕೌಂಟಿ ಕೌನ್ಸಿಲೇ) ಕ್ರಮ ಕೈಗೊಳ್ಳಲೇಬೇಕೆಂದು ಅದೇ ಕಾಯ್ದೆಯ 130ನೆಯ ಕಲಮು ಹೇಳುತ್ತದೆ. ಅನೇಕ ಪ್ಯಾರಿಷ್‌ಗಳು ತಮ್ಮ ಕೈಯಲ್ಲಿರುವ ಈ ಅಸ್ತ್ರವನ್ನು ಬಳಸುವುದೇ ಇಲ್ಲ.

ಉತ್ತರ 2

ಉಳುಮೆಯ ವಿಷಯವನ್ನು ಮೇಲಿನವರು ಸಮರ್ಪಕವಾಗಿ ವಿವರಿಸಿದ್ದಾರೆ. ನಾನು ಕುದುರೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ.

ಇಂದಿನ ದಾಖಲೆಯನ್ನಷ್ಟೇ ನೋಡಿದರೆ ಮಾಲೀಕರ ಫಲಕವನ್ನು ಸುಳ್ಳೆನ್ನಲಾಗದು. ಕಾಲುದಾರಿಯ ಮೇಲೆ ಕುದುರೆ ಸವಾರಿ ಮಾಡುವುದು ಮಾಲೀಕರ ವಿರುದ್ಧದ ಅತಿಕ್ರಮ. ಸಾಮಾನ್ಯವಾಗಿ ಅದು ಪೊಲೀಸರ ವಿಷಯವಲ್ಲ, ಸಿವಿಲ್ ವ್ಯಾಜ್ಯದ ವಿಷಯ. ಬ್ರೈಡಲ್‌ವೇ (ಕುದುರೆದಾರಿ) ಎಂದು ದಾಖಲಾದ ದಾರಿಯಲ್ಲಾದರೆ ನಡೆಯುವ, ಕುದುರೆ ಸವಾರಿ ಮಾಡುವ ಅಥವಾ ಅದನ್ನು ನಡೆಸಿಕೊಂಡು ಹೋಗುವ ಹಕ್ಕು ಎಲ್ಲರಿಗೂ ಇರುತ್ತದೆ. 1968ರಿಂದ ಅಲ್ಲಿ ಸೈಕಲ್ ಸವಾರರಿಗೂ ಹಕ್ಕು ಬಂದಿದೆ, ಆದರೆ ಅವರು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಕುದುರೆಗಾಡಿಗೆ ಅಲ್ಲಿಯೂ ಅವಕಾಶವಿಲ್ಲ.

ಆದರೆ ಡೆಫಿನಿಟಿವ್ ಮ್ಯಾಪ್ ತಾನು ತೋರಿಸಿದ ಹಕ್ಕನ್ನು ಖಚಿತಪಡಿಸುತ್ತದೆಯೇ ಹೊರತು, ತಾನು ತೋರಿಸದ ಹಕ್ಕು ಇಲ್ಲವೆಂದು ಹೇಳುವುದಿಲ್ಲ. ತಮ್ಮ ಪ್ರಕರಣದ ಜೀವಾಳ ಇಲ್ಲಿದೆ. ಕಾಲುದಾರಿಯೆಂದು ದಾಖಲಾದದ್ದು ವಾಸ್ತವದಲ್ಲಿ ಕುದುರೆದಾರಿಯೆಂದು ತೋರಿಸಿಕೊಡಲು ಸಾಧ್ಯವಾದರೆ, 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯ 53ನೆಯ ಕಲಮಿನ ಅನ್ವಯ ನಕ್ಷೆಯ ತಿದ್ದುಪಡಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಅದಕ್ಕೆ ಎರಡು ಮಾರ್ಗಗಳಿವೆ.

ಮೊದಲನೆಯದು ಬಳಕೆಯ ಸಾಕ್ಷ್ಯ. ಸಾರ್ವಜನಿಕರು ಬಲಾತ್ಕಾರವಿಲ್ಲದೆ, ಕದ್ದುಮುಚ್ಚದೆ, ಯಾರ ಅನುಮತಿಯನ್ನೂ ಪಡೆಯದೆ, ಅಡೆತಡೆಯಿಲ್ಲದೆ ಪೂರ್ತಿ 20 ವರ್ಷ ಬಳಸಿದ್ದರೆ, ಮಾಲೀಕರು ಆ ದಾರಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆಂದು ಕಾನೂನು ಭಾವಿಸುತ್ತದೆ. ಈ 20 ವರ್ಷಗಳನ್ನು ಹಕ್ಕು ಪ್ರಶ್ನೆಗೊಳಗಾದ ದಿನದಿಂದ, ಎಂದರೆ ತಮ್ಮಲ್ಲಿ ಬೀಗವೋ ಫಲಕವೋ ಬಂದ ದಿನದಿಂದ, ಹಿಂದಕ್ಕೆ ಎಣಿಸಬೇಕು. ಹಿರಿಯರು ಒಬ್ಬೊಬ್ಬರೂ ಪ್ರತ್ಯೇಕವಾಗಿ ನಮೂನೆಯನ್ನು ತುಂಬಿ, ತಾವು ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಸಲ, ಯಾವ ಗೆರೆಯ ಮೇಲೆ ಹೋದೆವು ಎಂಬುದನ್ನು ಬರೆದು, ನಕ್ಷೆಯ ಮೇಲೆ ಗುರುತು ಹಾಕಿ ಸಹಿ ಮಾಡಬೇಕು. ಎಲ್ಲರ ಬರವಣಿಗೆಯೂ ಒಂದೇ ಅಚ್ಚಿನಂತಿದ್ದರೆ ಅದರ ಬೆಲೆ ಕುಗ್ಗುತ್ತದೆ. ಅರ್ಜಿಗೆ ಮುಂಚೆ ಕೌನ್ಸಿಲಿನ ಇನ್ನೊಂದು ದಾಖಲೆಯನ್ನೂ ನೋಡಿ. ಹೊಸದಾಗಿ ಯಾವ ದಾರಿಯನ್ನೂ ಬಿಟ್ಟುಕೊಡುವ ಉದ್ದೇಶ ತಮಗಿಲ್ಲವೆಂದು ಹಿಂದಿನ ಮಾಲೀಕರು ಎಂದಾದರೂ ಘೋಷಣೆ ಸಲ್ಲಿಸಿದ್ದರೆ, ಎಣಿಕೆ ಆ ದಿನದಿಂದ ಹಿಂದಕ್ಕೆ ಹೋಗಬೇಕಾಗುತ್ತದೆ. ಆಗ ಅವಧಿಯೇ ಬದಲಾಗುತ್ತದೆ, ಸಾಕ್ಷಿಗಳೂ ಬದಲಾಗಬಹುದು.

ಎರಡನೆಯದು ಹಳೆಯ ಕಾಗದಪತ್ರ. ಇದರಲ್ಲಿ ನನಗೆ ವಿಶೇಷ ಆಸಕ್ತಿ. ಬಳಸದೆ ಬಿಟ್ಟ ಮಾತ್ರಕ್ಕೆ ಸಾರ್ವಜನಿಕ ದಾರಿ ತನ್ನ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂಬುದು ಇಂಗ್ಲಿಷ್ ಕಾನೂನಿನ ಹಳೆಯ ತತ್ವ. ಆದ್ದರಿಂದ ಇನ್ನೂರು ವರ್ಷದ ದಾಖಲೆಯೂ ಇಂದು ಮಾತನಾಡಬಲ್ಲದು. ಸಾಮೂಹಿಕ ಭೂಮಿಯನ್ನು ಹಂಚಿ ಬೇಲಿ ಕಟ್ಟಿಸಿದ ಇನ್‌ಕ್ಲೋಷರ್ ತೀರ್ಪು ತಮ್ಮ ಪ್ಯಾರಿಷ್‌ಗೆ ಇದ್ದು, ಅದರಲ್ಲಿ ಸಾರ್ವಜನಿಕ ಕುದುರೆದಾರಿಯನ್ನು ಅಗಲ ಸಮೇತ ನಿಗದಿಪಡಿಸಿದ್ದರೆ, ಅದಕ್ಕಿಂತ ಗಟ್ಟಿಯಾದ ಪುರಾವೆ ಅಪರೂಪ. 1836ರ ಕಾಯ್ದೆಯ ನಂತರ ತಯಾರಾದ ಟೈದ್ (ಚರ್ಚಿಗೆ ಸಲ್ಲುತ್ತಿದ್ದ ದಶಮಾಂಶ) ನಕ್ಷೆಗಳ ಉದ್ದೇಶ ತೆರಿಗೆಯೇ ಹೊರತು ದಾರಿಯಲ್ಲ. ಅವು ಪೂರಕ ಮಾತ್ರ. 1910ರ ಭೂಮೌಲ್ಯಮಾಪನದ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಹೊಲದ ಮೇಲೆ ಸಾರ್ವಜನಿಕ ಹಕ್ಕಿದೆಯೆಂದು ಅಂದಿನ ಮಾಲೀಕರೇ ತೆರಿಗೆಯಲ್ಲಿ ಕಡಿತ ಪಡೆದಿದ್ದರೆ, ಅದು ಅವರ ಹಿತಕ್ಕೆ ವಿರುದ್ಧವಾದ ಒಪ್ಪಿಗೆಯಾದ್ದರಿಂದ ಅದಕ್ಕೆ ತೂಕ ಹೆಚ್ಚು. 1950ರ ದಶಕದ ಆರಂಭದಲ್ಲಿ ಪ್ಯಾರಿಷ್‌ನವರೇ ನಡೆದು ತುಂಬಿದ ಸಮೀಕ್ಷೆಯ ಕಾರ್ಡುಗಳನ್ನೂ ಬಿಡಬೇಡಿ. ಆಗ ಅನೇಕ ಕಡೆ ಗಾಡಿದಾರಿಗಳನ್ನು ಸಿ.ಆರ್.ಎಫ್. (ಮುಖ್ಯವಾಗಿ ಕಾಲುದಾರಿಯಾಗಿ ಬಳಕೆಯಲ್ಲಿದ್ದದ್ದು), ಸಿ.ಆರ್.ಬಿ. (ಮುಖ್ಯವಾಗಿ ಕುದುರೆದಾರಿಯಾಗಿ ಬಳಕೆಯಲ್ಲಿದ್ದದ್ದು) ಎಂದು ಬರೆದಿದ್ದರು, ಕರಡಿನಿಂದ ಅಂತಿಮ ನಕ್ಷೆಗೆ ಬರುವಷ್ಟರಲ್ಲಿ ಕೆಲವು ಬರಿಯ ಕಾಲುದಾರಿಗಳಾಗಿ ಇಳಿದುಹೋದವು.

ಹಳೆಯ ಹಕ್ಕುಗಳನ್ನು ದಾಖಲಿಸಲು 2026ರ ಜನವರಿ 1 ಕೊನೆಯ ದಿನವೆಂದು 2000ದ ಕಾಯ್ದೆಯ ಮೂಲಕ ಬಂದಿದ್ದ ಗಡುವಿನ ಬಗ್ಗೆ ಆತಂಕ ಬೇಡ. ಅದನ್ನು ಮೊದಲು 2031ಕ್ಕೆ ಮುಂದೂಡಲಾಯಿತು. ಗಡುವನ್ನೇ ರದ್ದು ಮಾಡುವುದಾಗಿ ಸರ್ಕಾರ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಉತ್ತರ 3

ಇಲ್ಲಿನ ಒಂದು ಫಾರ್ಮಿನ ಆಡಳಿತ ನೋಡಿಕೊಳ್ಳುವ ನನಗೆ ಮಾಲೀಕರ ಪರವಾಗಿಯೂ ಎರಡು ಮಾತು ಹೇಳಬೇಕೆನಿಸುತ್ತದೆ. ಜಮೀನು ಕೊಂಡವರಿಗೆ ಮಾರಾಟದ ಕಾಗದಗಳಲ್ಲಿ ಕಂಡದ್ದು ಕಾಲುದಾರಿ ಮಾತ್ರ. ಒದ್ದೆ ನೆಲದಲ್ಲಿ ಕುದುರೆಯ ಗೊರಸು ಮಾಡುವ ಹಾನಿಯೂ ಸಣ್ಣದಲ್ಲ. ಅವರನ್ನು ಕಾನೂನು ಮುರಿಯುವವರೆಂದು ಕಾಣುವ ಮೊದಲು ಒಮ್ಮೆ ಮನೆಗೆ ಹೋಗಿ ಮಾತನಾಡಿದರೆ, 14 ದಿನಗಳ ನಿಯಮದಂಥದ್ದು ಅಲ್ಲಿಯೇ ಇತ್ಯರ್ಥವಾಗುವುದುಂಟು. ಟ್ರ್ಯಾಕ್ಟರನ್ನು ಗೆರೆಯ ಮೇಲೆ ಎರಡು ಸಲ ಓಡಿಸಿದರೆ ಮುಗಿಯುವ ಕೆಲಸವದು.

ಆದರೆ ತಡಮೆಯ ವಿಷಯದಲ್ಲಿ ಅವರು ಎಡವಿರುವ ಸಾಧ್ಯತೆ ಇದೆ. ದಾರಿಯ ಮೇಲೆ ಹೊಸದಾಗಿ ಗೇಟನ್ನೋ ತಡಮೆಯನ್ನೋ ನಿಲ್ಲಿಸಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು, ಅದೂ ಮುಖ್ಯವಾಗಿ ದನಕುರಿಗಳನ್ನು ತಡೆಯುವ ಕಾರಣಕ್ಕೆ. ಗೋಧಿ ಹೊಲಕ್ಕೆ ಆ ಕಾರಣ ಒದಗುವುದು ಕಷ್ಟ. ದಾಖಲಾದ ಗೆರೆ ಗೇಟಿನ ಮೂಲಕವೇ ಹಾಯುತ್ತಿದ್ದರೆ, ಪಕ್ಕದಲ್ಲಿ ತಡಮೆಯಿದ್ದರೂ ಬೀಗ ಹಾಕಿದ ಗೇಟು ಅಡ್ಡಿಯೇ. ತಡಮೆ ಹತ್ತಲಾರದ ವೃದ್ಧರೂ ಆ ದಾರಿಯನ್ನು ಬಳಸುವವರೇ ತಾನೆ?

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮಾಲೀಕರನ್ನು ಭೇಟಿಯಾದೆ, ದಾರಿಯನ್ನು ಮಟ್ಟ ಮಾಡಿಸಲು ಒಪ್ಪಿದ್ದಾರೆ. ಕುದುರೆಗಳ ಬಗ್ಗೆ, ಬೇಸಿಗೆಯಲ್ಲಿ ಮಾತ್ರ ತಮ್ಮ ಅನುಮತಿಯಿಂದ ಹೋಗಬಹುದೆಂದು ಹೇಳುತ್ತಾರೆ. ಆ ಅನುಮತಿಯನ್ನು ಒಪ್ಪಿಕೊಂಡರೆ ಮುಂದೆ ಹಕ್ಕು ಕೇಳಲು ತೊಡಕಾಗುವುದೇ?

ಉತ್ತರ 2ರವರಿಂದ

ತೊಡಕಾಗಬೇಕಾಗಿಲ್ಲ. ಬೀಗ ಬಿದ್ದ ದಿನವೇ 20 ವರ್ಷಗಳ ಲೆಕ್ಕ ಮುಗಿದಿರುವುದರಿಂದ, ಆನಂತರ ಪಡೆದ ಅನುಮತಿ ಹಿಂದಿನ ಬಳಕೆಯ ಸ್ವರೂಪವನ್ನು ಬದಲಾಯಿಸಲಾರದು. ಆದರೆ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡದೆ ಪತ್ರದ ಮೂಲಕ ಪಡೆಯಿರಿ. ಅದರ ದಿನಾಂಕ ಸ್ಪಷ್ಟವಾಗಿರಲಿ. ಇದರಿಂದ ಹಿಂದೆ ಉಂಟಾಗಿರಬಹುದಾದ ಸಾರ್ವಜನಿಕ ಹಕ್ಕಿಗೆ ಬಾಧೆಯಿಲ್ಲವೆಂಬ ವಾಕ್ಯವೂ ಇರಲಿ. ‘ಮೊದಲಿನಿಂದಲೂ ಅನುಮತಿಯಿಂದಲೇ ಬಳಸುತ್ತಿದ್ದೆವು’ ಎಂಬ ಅರ್ಥ ಬರುವ ಯಾವ ಕಾಗದಕ್ಕೂ ಊರಿನವರು ಸಹಿ ಹಾಕಬಾರದು.

ಅರ್ಜಿ ಹಾಕುವಾಗ ಮಾಲೀಕರಿಗೆ ನೋಟಿಸು ಕೊಡುವುದು ಕಡ್ಡಾಯ. ಈಗಿರುವ ಸೌಹಾರ್ದದಲ್ಲಿ ಅದನ್ನು ಖುದ್ದಾಗಿ ಹೇಳಿಯೇ ಕೊಡಿ. ಹನ್ನೆರಡು ತಿಂಗಳಾದರೂ ಕೌನ್ಸಿಲ್ ತೀರ್ಮಾನಿಸದಿದ್ದರೆ, ಅದಕ್ಕೆ ನಿರ್ದೇಶನ ನೀಡುವಂತೆ ಮಂತ್ರಿಗಳನ್ನು ಕೋರುವ ಅವಕಾಶವಿದೆ. ತೀರ್ಮಾನವಾಗುವುದು ಸಾಕ್ಷ್ಯದ ಮೇಲೆ ಮಾತ್ರ. ಆ ದಾರಿಯಿಂದ ಮಕ್ಕಳಿಗೆ ಅನುಕೂಲವೇ, ಬೆಳೆಗೆ ಅನನುಕೂಲವೇ ಎಂಬುದನ್ನು ಅಲ್ಲಿ ಪರಿಗಣಿಸುವುದೇ ಇಲ್ಲ. ಆದ್ದರಿಂದ ಮಗಳ ಸವಾರಿಯ ಬಗ್ಗೆ ಅರ್ಜಿಯಲ್ಲಿ ಬರೆಯುವ ಬದಲು, ವಯಸ್ಸಾದ ಸಾಕ್ಷಿಗಳ ಹೇಳಿಕೆಗಳನ್ನು ಈ ಚಳಿಗಾಲಕ್ಕೆ ಮೊದಲೇ ಬರೆಸಿಕೊಳ್ಳಿ.