ಬಾಯಾರಿಕೆಗೆ ಕಾಯಬೇಡ, ಸುಮಾ

ಸುಮಾ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ರಾಜಸ್ಥಾನದ ಬಿಕಾನೇರಿಗೆ ಹೋಗಿ 6 ವಾರವಾಯಿತು, ಪುಟ್ಟನಿಗೆ ಎರಡು ಸಲ ಮೂಗಿನಲ್ಲಿ ರಕ್ತ ಬಂತು, ತುಟಿಯೆಲ್ಲ ಒಡೆದಿದೆ, ಕೂಲರ್ ಹಾಕಿದರೂ ಸೆಕೆ ಹೋಗುವುದಿಲ್ಲ, ಮಗುವನ್ನು ಕರೆದುಕೊಂಡು ಮಳೆಗಾಲದವರೆಗೆ ಸಾಗರಕ್ಕೆ ಬಂದುಬಿಡಲೇ ಎಂದು ಕೇಳಿದ್ದೀಯೆ. ಅದರ ಕೆಳಗೆ 14 ಜನ ‘ಬಂದುಬಿಡು’ ಎಂದು ಹಾಕಿದ್ದಾರೆ. ಆ 14 ಜನರಲ್ಲಿ ಒಬ್ಬರೂ ಬಿಕಾನೇರನ್ನು ಕಣ್ಣಿನಿಂದ ನೋಡಿದವರಲ್ಲ. ಅಲ್ಲಿ 11 ವರ್ಷ ಸಂಸಾರ ಮಾಡಿದವಳು ನಾನೊಬ್ಬಳೇ ಆದ್ದರಿಂದ ನಾನು ಮಾತನಾಡಬೇಕಾಯಿತು. ಬೆರಳಿನ ಗಂಟುಗಳು ನೋಯುವುದರಿಂದ ಬರೆಯಲಾಗದು, ಧ್ವನಿಯಲ್ಲಿಯೇ ಕಳಿಸುತ್ತಿದ್ದೇನೆ. ಉದ್ದವಾಯಿತು ಎನ್ನುವವರು ಊಟ ಮುಗಿಸಿ ಕೇಳಿ.

ನಿನ್ನ ದೊಡ್ಡಪ್ಪನವರಿಗೆ ವರ್ಗವಾಗಿ ನಾವು ಅಲ್ಲಿಗೆ ಹೋದದ್ದು 1987ರ ಮಾರ್ಚ್ ತಿಂಗಳಿನಲ್ಲಿ. ಆ ವರ್ಷವೇ ಮಳೆ ಕೈಕೊಟ್ಟು ರಾಜಸ್ಥಾನಕ್ಕೆ ದೊಡ್ಡ ಬರ ಬಂದದ್ದು. ಆಷಾಢದ ಒಂದು ಜೋರು ವಾರದಲ್ಲಿ ನಮ್ಮ ತೋಟಕ್ಕೆ ಬೀಳುವಷ್ಟು ಮಳೆ ಆ ಊರಿಗೆ ಒಳ್ಳೆಯ ಕಾಲದಲ್ಲಿಯೂ ಇಡೀ ವರ್ಷಕ್ಕೆ ಬೀಳುತ್ತದೆ ಎಂದರೆ ನಾನು ಎಂಥ ನೀರಿನಿಂದ ಎಂಥ ಮರಳಿಗೆ ಹೋಗಿದ್ದೆ ಎಂಬುದನ್ನು ಲೆಕ್ಕ ಹಾಕಿಕೋ. ಹೋಗಿ ಒಂದೂವರೆ ತಿಂಗಳಿಗೆ ಅಕ್ಷಯ ತೃತೀಯ ಬಂತು. ನಾವೆಲ್ಲ ಆ ದಿನ ಚಿನ್ನದ ಅಂಗಡಿಯ ಕಡೆಗೆ ನೋಡಿದರೆ ಬಿಕಾನೇರಿನವರು ಆಕಾಶದ ಕಡೆಗೆ ನೋಡುತ್ತಾರೆ. ರಾವ್ ಬೀಕಾ 1488ರಲ್ಲಿ ಆ ಊರನ್ನು ಕಟ್ಟಿದ್ದು ವೈಶಾಖದ ಆ ಹೊತ್ತಿನಲ್ಲಿಯೇ ಎಂದು ಊರಿಗೆ ಊರೇ ಮಾಳಿಗೆ ಹತ್ತಿ ಉರಿಬಿಸಿಲಿನಲ್ಲಿ ಗಾಳಿಪಟ ಹಾರಿಸುತ್ತದೆ. ಪಕ್ಕದ ಮನೆಯವರು ಕರೆದರು, ನಾನೂ ಹೋದೆ. ಅವರು ಗಳಿಗೆಗೊಮ್ಮೆ ಹುಣಸೆಹಣ್ಣಿನ ಪಾನಕವನ್ನು ಹಂಚುತ್ತಿದ್ದರು, ಅದಕ್ಕೆ ಇಮ್ಲಾನಿ ಎನ್ನುತ್ತಾರೆ. ನಾನು ಒಂದು ಲೋಟವನ್ನೂ ಮುಟ್ಟಲಿಲ್ಲ. ನೀರಿಗೆ ಬರವಿರುವ ಊರಿನಲ್ಲಿ, ಪರಿಚಯವಾಗಿ ತಿಂಗಳಾಗದ ಮನೆಯಲ್ಲಿ ಕೈಯೊಡ್ಡುವುದು ಹೇಗೆ ಎಂಬ ಸಂಕೋಚ ಒಂದು ಕಡೆ. ನನಗೆ ಬಾಯಾರಿಕೆಯೂ ಆಗಿರಲಿಲ್ಲ, ಮೈಯಲ್ಲಿ ಒಂದು ಹನಿ ಬೆವರೂ ಕಾಣುತ್ತಿರಲಿಲ್ಲ ಎಂಬುದು ಇನ್ನೊಂದು ಕಡೆ. ನಮ್ಮ ಊರಿನಲ್ಲಿ ಹತ್ತು ಮೆಟ್ಟಿಲು ಹತ್ತಿದರೆ ರವಿಕೆ ಒದ್ದೆಯಾಗುತ್ತದೆ, ಇಲ್ಲಿ ಮೈ ಎಷ್ಟು ಹಗುರವಾಗಿದೆ ಎಂದು ನಾನು ಸಂತೋಷವನ್ನೇ ಪಟ್ಟೆ!

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ತಲೆ ಸಿಡಿಯಲು ಶುರುವಾಯಿತು. ಗಾಳಿಪಟಗಳು ಎರಡೆರಡಾಗಿ ಕಂಡವು. ಇಳಿಯೋಣವೆಂದು ಮೆಟ್ಟಿಲಿನ ಬಾಯಿಯವರೆಗೆ ಹೋದದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಕೈಗೆ ಗ್ಲೂಕೋಸ್ ಬಾಟಲಿ ಹಾಕಿದ್ದರು. ಡಾಕ್ಟರು ಹೇಳಿದ ಮಾತನ್ನು ಇವತ್ತಿಗೂ ಮರೆತಿಲ್ಲ: ನೀವು ಬೆವರಿಲ್ಲ ಎಂದುಕೊಂಡಿರಿ, ಆದರೆ ಬೆಳಗಿನಿಂದ ಬೆವರುತ್ತಲೇ ಇದ್ದಿರಿ, ಒಣಗಾಳಿ ಅದನ್ನು ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕುಡಿದುಬಿಟ್ಟಿತು. ಆದ್ದರಿಂದ ಸುಮಾ, ಬಾಯಾರಿಕೆಗೆ ಕಾಯಬೇಡ. ನಮ್ಮ ಸೀಮೆಯಲ್ಲಿ ಬೆವರು ಮೊದಲೇ ಬಂದು ಎಚ್ಚರಿಸುತ್ತದೆ, ಅಲ್ಲಿ ಎಚ್ಚರಿಸುವವರು ಯಾರೂ ಇಲ್ಲ.

ನಾನು ಎದ್ದು ಕೂತ ಮೇಲೆ ಪಕ್ಕದ ಮನೆಯ ಮುದುಕಿ ಹಸಿ ಮಾವಿನಕಾಯಿಯನ್ನು ಸುಟ್ಟು, ಕಿವುಚಿ, ಉಪ್ಪು ಜೀರಿಗೆ ಹಾಕಿದ ನೀರನ್ನು ತಂದು ಕೊಟ್ಟರು. ಒಂದು ಗುಟುಕು ಕುಡಿದವಳಿಗೆ ಅಳು ಬಂತು, ಏಕೆಂದರೆ ಅದು ನಮ್ಮ ಅಪ್ಪೆಹುಳಿಯೇ. ಒಗ್ಗರಣೆ ಮಾತ್ರ ಇಲ್ಲ. ಮರುದಿನ ನಾನು ಮಿಡಿಯ ಅಪ್ಪೆಹುಳಿ ಮಾಡಿ ಅವರಿಗೆ ಕೊಟ್ಟೆ. ಅಲ್ಲಿಂದ ಮುಂದೆ ಆ ಮನೆಗೂ ನಮಗೂ ಗೋಡೆಯೇ ಉಳಿಯಲಿಲ್ಲ. ಅವರು ಸಾಂಗ್ರಿ ಎಂದು ಒಣ ಕಾಯಿಯ ಪಲ್ಯ ಮಾಡುತ್ತಾರೆ, ನೀನೂ ತಿಂದಿರಬಹುದು. ಅದು ಯಾವ ಮರದ ಕಾಯಿ ಎಂದು ಕೇಳಿದ್ದೀಯಾ? ಖೇಜ್ಡಿ ಎಂದು ಅವರು ಕರೆಯುವುದು ನಾವು ವಿಜಯದಶಮಿಯಂದು ಪ್ರದಕ್ಷಿಣೆ ಹಾಕುವ ಬನ್ನಿಮರವನ್ನೇ. ನಾವು ಎಲೆಯನ್ನು ಬಂಗಾರವೆಂದು ಹಂಚುತ್ತೇವೆ, ಅವರು ಕಾಯಿಯನ್ನು ಒಣಗಿಸಿ ವರ್ಷವಿಡೀ ಉಣ್ಣುತ್ತಾರೆ. ಪರ ಊರು ಎಂಬ ಭಾವನೆ ನನಗೆ ಹೋದದ್ದು ಆ ಮರದ ಗುರುತು ಸಿಕ್ಕ ದಿನ.

ಇದನ್ನೆಲ್ಲ ನಾನು ಆಗಲೇ ಕಾಗದದಲ್ಲಿ ಬರೆದಿದ್ದೆ. ನಿನ್ನ ದೊಡ್ಡ ಮಾವನಿಂದ ಬಂದ ಉತ್ತರ ಎರಡು ಸಾಲು: ಹಾಳು ಊರು, ಬಿಟ್ಟು ಬಾ. ಈಗ ನಿನಗೂ ಎಲ್ಲರಿಗಿಂತ ಮೊದಲು ‘ಬಂದುಬಿಡು’ ಎಂದು ಹಾಕಿದವನು ಅವನೇ. 11 ವರ್ಷದಲ್ಲಿ ನಮ್ಮ ಮನೆಯಿಂದ ಎರಡು ಸಲ ಕಾಶಿಯಾತ್ರೆ ಹೊರಟಿತು, ಎರಡು ಸಲವೂ ದಿಲ್ಲಿಯಲ್ಲಿ ಇಳಿದು ಕೆಂಪುಕೋಟೆ ನೋಡಿದರು. ದಿಲ್ಲಿಯಿಂದ ಬಿಕಾನೇರಿಗೆ ಒಂದು ರಾತ್ರಿಯ ರೈಲು. ಒಬ್ಬರೂ ಬರಲಿಲ್ಲ. ಎರಡನೆಯ ಸಲ ಮಿಡಿ ಉಪ್ಪಿನಕಾಯಿಯನ್ನು ಗಾಜಿನ ಭರಣಿಯಲ್ಲಿ ತುಂಬಿ ಯಾರದೋ ಕೈಯಲ್ಲಿ ಕಳಿಸಿದ್ದರು, ಅದು ಚೂರಾಗಿ ಬಂತು. ಎರಡು ದಿನ ಆ ಚೀಲದ ವಾಸನೆಯನ್ನು ಮೂಸಿಕೊಂಡು ಕೂತಿದ್ದೆ. ಹೊಸ ಊರಿನಲ್ಲಿ ಹುಡುಗಿ ನೆಲೆಯೂರಬೇಕೆಂದರೆ ತವರಿನವರು ಆ ಮನೆಯ ಅಂಗಳವನ್ನು ಒಮ್ಮೆಯಾದರೂ ತುಳಿಯಬೇಕು. ‘ಬಂದುಬಿಡು’ ಎನ್ನುವುದಕ್ಕೆ ಖರ್ಚಿಲ್ಲ. ಇದನ್ನು ಹೇಳುವುದರಿಂದ ಯಾರಿಗೆ ಬೇಸರವಾದರೂ ಆಗಲಿ, ನನಗೆ ಈಗ 68.

ಇಷ್ಟು ಹೇಳಿ ಪುಟ್ಟನ ಮೂಗನ್ನೇ ಮರೆತೆ. ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ವಾಲಿಸಬೇಡ, ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿ, ಬಾಯಿಯಿಂದ ಉಸಿರಾಡಲಿ. 20 ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಮೇಲಿಂದ ಮೇಲೆ ಬಂದರೆ ಡಾಕ್ಟರಿಗೆ ತೋರಿಸು. ರಾತ್ರಿ ಮಲಗುವಾಗ ಮೂಗಿನ ಹೊಳ್ಳೆಯ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರು. ನೆತ್ತಿಗೆ ಹರಳೆಣ್ಣೆ ಎಂದು ಚಿಕ್ಕತ್ತೆ ಹೇಳಿದ್ದಾಳೆ. ಹಚ್ಚುವುದಿದ್ದರೆ ಹಚ್ಚು, ಆದರೆ ಒಣಗಿರುವುದು ಮೂಗು, ನೆತ್ತಿಯಲ್ಲ.

ಇನ್ನು ಕೂಲರ್. ನೀನು ಎಲ್ಲ ಕಿಟಕಿ ಮುಚ್ಚಿಕೊಂಡು ಅದನ್ನು ಹಾಕುತ್ತಿದ್ದೀಯೆ ಎಂದು ನನಗೆ ಖಾತ್ರಿಯಿದೆ, ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಅದು ಏಸಿಯಲ್ಲ. ಒದ್ದೆ ಹುಲ್ಲಿನ ಮೂಲಕ ಬಂದ ಗಾಳಿಗೆ ಹೊರಹೋಗಲು ದಾರಿ ಬೇಕು, ಇಲ್ಲದಿದ್ದರೆ ಕೋಣೆಯೆಲ್ಲ ಹಬೆಯಾಗುತ್ತದೆ. ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಿಡು. ಈ ತೇವದ ಗಾಳಿ ಮಗುವಿನ ಮೂಗಿಗೂ ಒಳ್ಳೆಯದು. ವಾರಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ ತೊಳೆ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಉಳಿದ ಕೋಣೆಗಳನ್ನು ನಮ್ಮ ಊರಿನಂತೆ ಮಧ್ಯಾಹ್ನ ಗಾಳಿ ಬರಲೆಂದು ತೆರೆಯಬೇಡ, ಬೆಳಿಗ್ಗೆ 9ಕ್ಕೆ ಮುಚ್ಚಿ ಪರದೆ ಎಳೆದು, ಸೂರ್ಯ ಮುಳುಗಿ ಮರಳು ತಣಿದ ಮೇಲೆ ತೆರೆ. ಮಾಳಿಗೆಯ ಟ್ಯಾಂಕಿನ ನೀರು ಮಧ್ಯಾಹ್ನ ಸುಡುತ್ತದೆ, ಪುಟ್ಟನ ಸ್ನಾನದ ನೀರನ್ನು ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಹಿಡಿದಿಡು.

ಮತ್ತೊಮ್ಮೆ ಹೇಳುತ್ತೇನೆ, ಬಾಯಾರಿಕೆಗೆ ಕಾಯಬೇಡ. ಮಗು ಆಟದಲ್ಲಿರುವಾಗ ಕೇಳುವುದಿಲ್ಲ, ನೀನೇ ಗಡಿಯಾರ ನೋಡಿ ನೀರನ್ನೋ ಮಜ್ಜಿಗೆಯನ್ನೋ ಕೊಡು. ಮೂತ್ರ ಗಾಢ ಹಳದಿಯಾಗಿದ್ದರೆ ಕುಡಿದದ್ದು ಸಾಲದು ಎಂದು ಅರ್ಥ.

ಇನ್ನು 10 ದಿನಕ್ಕೆ ಅಕ್ಷಯ ತೃತೀಯ. ಪಕ್ಕದವರು ಮಾಳಿಗೆಗೆ ಕರೆದೇ ಕರೆಯುತ್ತಾರೆ. ಬಿಸಿಲು ಇಳಿದ ಮೇಲೆ ಪುಟ್ಟನನ್ನು ಕರೆದುಕೊಂಡು ಹೋಗು, ಇಮ್ಲಾನಿ ಕೊಟ್ಟರೆ ಸಂಕೋಚಪಡದೆ ಎರಡು ಲೋಟ ಕುಡಿ.

ಲಲಿತಾ, ನಿನಗೆ ಹೇಳುತ್ತಿದ್ದೇನೆ. ಮಗಳನ್ನು ಕರೆಸಿಕೊಳ್ಳುವ ಬದಲು ನೀನೇ ದಿಲ್ಲಿಯವರೆಗೆ ಟಿಕೆಟ್ ಮಾಡಿಸು, ಮುಂದಿನ ರೈಲಿನ ವಿವರವನ್ನು ನಾನು ಹೇಳುತ್ತೇನೆ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ನನ್ನ ಹತ್ತಿರ ಇದೆ, ಈ ಸಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಸಿ ಕೊಡುತ್ತೇನೆ.